ಆಕಾಶಕ್ಕೂ ಬೇಲಿ

ಎರಡು ಊರುಗಳ ನಡುವಣ ದೂರವನ್ನು ನಿಸರ್ಗವು ಗೊತ್ತುಮಾಡುತ್ತದೆ. ಆ ದೂರವನ್ನು ಕ್ರಮಿಸಲು ಹಿಡಿಯುವ ಕಾಲವನ್ನಾದರೋ ಮನುಷ್ಯರ ಸ್ನೇಹ ವೈರಗಳೂ ಗೊತ್ತುಮಾಡುತ್ತವೆ. ಫಿನ್‌ಲೆಂಡಿನ ಹೆಲ್ಸಿಂಕಿಗೂ ಜಪಾನಿನ ಟೋಕಿಯೋಗೂ ನಡುವಣ ವಿಮಾನದ ಹಾದಿ ಇದಕ್ಕೆ ನಿದರ್ಶನ.

ಭೂಮಿ ದುಂಡಗಿರುವುದರಿಂದ ಗೋಡೆಯ ಭೂಪಟದಲ್ಲಿ ಎಳೆದ ನೇರ ಗೆರೆ ಹತ್ತಿರದ ದಾರಿಯಲ್ಲ. ಗೋಳದ ಮೇಲೆ ನೂಲೊಂದನ್ನು ಬಿಗಿಯಾಗಿ ಹಿಡಿದರೆ ದೊರೆಯುವುದೇ ಹತ್ತಿರದ ದಾರಿ. ಹೆಲ್ಸಿಂಕಿಯಿಂದ ಟೋಕಿಯೋಗೆ ಆ ನೂಲಿನ ಉದ್ದ ಸುಮಾರು 7,800 ಕಿಲೋಮೀಟರು. ಅದರ ಬಹುಭಾಗ ರಷ್ಯದ ಮೇಲೆಯೇ ಹಾಯುತ್ತದೆ. 2022ರ ಆರಂಭದವರೆಗೆ ಈ ಪ್ರಯಾಣಕ್ಕೆ ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. ಯೂರೋಪಿನ ಒಂದು ಮೂಲೆಯಲ್ಲಿರುವ ಚಿಕ್ಕ ದೇಶವು ಏಷ್ಯಕ್ಕೆ ಹೆಬ್ಬಾಗಿಲಾಗಿ ಬೆಳೆಯಲು ಈ ಹತ್ತಿರದ ದಾರಿಯೇ ಬಂಡವಾಳವಾಗಿತ್ತು.

ಆ ವರ್ಷದ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ಏರಿಹೋಯಿತು. ಐರೋಪ್ಯ ಒಕ್ಕೂಟವು ರಷ್ಯದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ರಷ್ಯವು 36 ದೇಶಗಳ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಫಿನ್ನೇರ್ ಸಂಸ್ಥೆಯ ವಿಮಾನಗಳು ಉತ್ತರ ಧ್ರುವವನ್ನು ಹಾದು, ಅಲಾಸ್ಕದ ಕಡೆಯಿಂದ ಸುತ್ತಿ ಜಪಾನಿಗೆ ಇಳಿಯಬೇಕಾಯಿತು. ಪ್ರಯಾಣದ ಅವಧಿ ಹದಿಮೂರು ಗಂಟೆಗೆ ಏರಿತು. ದಾರಿ ಹೊಸದೇನೂ ಅಲ್ಲ. ಸೋವಿಯತ್ ಆಕಾಶ ದೊರೆಯದಿದ್ದ ಕಾಲದಲ್ಲಿ, 1983ರಲ್ಲಿ, ಇದೇ ಸಂಸ್ಥೆ ಧ್ರುವದ ಮೇಲಿಂದಲೇ ಟೋಕಿಯೋಗೆ ಹಾರಿತ್ತು. ನಲವತ್ತು ವರ್ಷಗಳಲ್ಲಿ ಯಂತ್ರ ಮುಂದುವರಿಯಿತು, ಹಾದಿ ಹಿಂದಕ್ಕೆ ಹೋಯಿತು.

ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣವಾದ, ಅನನ್ಯವಾದ ಪ್ರಭುತ್ವವುಂಟೆಂದು 1944ರ ಷಿಕಾಗೋ ಒಪ್ಪಂದದ ಮೊದಲನೆಯ ವಿಧಿ ಸಾರುತ್ತದೆ. ಹೊಲದ ಬದುವಿನ ಮೇಲೆ ನಡೆದಾಡುವ ಹಕ್ಕು ನೆರೆಯವನ ಮನಸ್ಸನ್ನು ಅವಲಂಬಿಸಿರುವಂತೆ, ಮೇಲಿನ ಹಾದಿಯೂ ನೆರೆಯ ಸರ್ಕಾರದ ಮನಸ್ಸನ್ನು ಅವಲಂಬಿಸಿದೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಯೂರೋಪಿಗೆ ಹೊರಟವರಿಗೂ ಇದು ಅನುಭವಕ್ಕೆ ಬಂದಿತು. ಬೇಲಿ ಎಲ್ಲರಿಗೂ ಒಂದೇ ಅಲ್ಲವೆಂಬುದೂ ಗಮನಾರ್ಹ. ರಷ್ಯವು ಐರೋಪ್ಯರಿಗೆ ಬಾಗಿಲಿಕ್ಕಿದ ಮೇಲೂ ಚೀನದ ಸಂಸ್ಥೆಗಳು ಅದೇ ಆಕಾಶದಲ್ಲಿ ಹಾರಿದವು. ಒಬ್ಬರ ನಷ್ಟ ಮತ್ತೊಬ್ಬರ ಲಾಭವಾಯಿತು. ಸುತ್ತುದಾರಿಯಲ್ಲಿ ಹೆಚ್ಚಾಗಿ ಉರಿದ ಎಣ್ಣೆಯ ಹೊಗೆ ಮಾತ್ರ ಎಲ್ಲರ ಪಾಲಿಗೂ ಬಂದಿತು.

ಹಾಗೆಂದು ಈ ಮೂರೂವರೆ ಗಂಟೆಗಳನ್ನೇ ದೊಡ್ಡ ಸಂಕಟವೆಂದು ಎಣಿಸುವುದು ಸಲ್ಲದು. ಯುದ್ಧ ತೊಡಗಿದ ದಿನವೇ ಯುಕ್ರೇನಿನ ಆಕಾಶವು ನಾಗರಿಕ ವಿಮಾನಗಳಿಗೆ ಮುಚ್ಚಿಹೋಯಿತು. ಅಲ್ಲಿಯವರಿಗೆ ಸುತ್ತಿ ಹೋಗುವ ವಿಮಾನವೂ ಇಲ್ಲವಾಯಿತು. ಲಕ್ಷಾಂತರ ಮಂದಿ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ರೈಲಿನಲ್ಲೂ ಕಾಲ್ನಡಿಗೆಯಲ್ಲೂ ಗಡಿ ದಾಟಿದರು. ಧ್ರುವವನ್ನು ಸುತ್ತುವ ಪ್ರಯಾಣಿಕನಿಗೆ ತಡವಾಗಿಯಾದರೂ ಊರು ಸಿಕ್ಕುತ್ತದೆ. ಊರನ್ನೇ ಕಳೆದುಕೊಂಡವರ ದೂರವನ್ನು ಯಾವ ವೇಳಾಪಟ್ಟಿಯೂ ಗಂಟೆಗಳಲ್ಲಿ ಹೇಳಲಾರದು.