ಪ್ರಶ್ನೆಗಳ ಸುರಿಮಳೆ

ಗುಬ್ಬಿಯ ಒಂದು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ. ಗಣಿತದ ಪರೀಕ್ಷೆ ಮುಗಿದು ಗೇಟು ತೆರೆಯುತ್ತದೆ. ಹುಡುಗಿ ಹೊರಗೆ ಕಾಲಿಡುವಷ್ಟರಲ್ಲೇ ತಂದೆ ಶುರುಮಾಡುತ್ತಾರೆ: "ಹೆಂಗಿತ್ತು ಪೇಪರ್ರು? ಕೊನೇ ಲೆಕ್ಕ ಮಾಡಿದ್ಯಾ? ಎಷ್ಟು ಬರಬಹುದು? ಮಿಕ್ಕೋರೆಲ್ಲ ಈಜಿ ಅಂತಾವ್ರಲ್ಲ?" ಹುಡುಗಿಯ ಉತ್ತರ ಒಂದೇ: "ಪರವಾಗಿಲ್ಲ ಅಪ್ಪ."

ಇದನ್ನು ಕನ್ನಡದಲ್ಲಿ 'ಪ್ರಶ್ನೆಗಳ ಸುರಿಮಳೆ' ಎನ್ನುತ್ತಾರೆ. ಇಂಗ್ಲಿಷಿನವರು ಇದಕ್ಕೆ ಬಳಸುವ ಪದ 'ಬ್ಯಾರೇಜ್'. ಈ ಪದದ ಪ್ರಯಾಣ ಸ್ವಾರಸ್ಯವಾದುದು.

ಬ್ಯಾರೇಜ್ ಮೂಲತಃ ಫ್ರೆಂಚ್ ಪದ. ಅಡ್ಡಗಟ್ಟುವುದು, ಅಡ್ಡಕಟ್ಟೆ ಎಂದು ಅದರ ಅರ್ಥ. ಗಂಗಾನದಿಯ ಫರಕ್ಕಾ ಬ್ಯಾರೇಜ್, ನಮ್ಮ ಕೃಷ್ಣೆಯ ಹಿಪ್ಪರಗಿ ಬ್ಯಾರೇಜ್ ಇವೆಲ್ಲ ಆ ಅರ್ಥದವೇ. ಮೊದಲ ಮಹಾಯುದ್ಧದಲ್ಲಿ (1914-18) ಸೈನಿಕರು ಈ ಪದವನ್ನು ಫಿರಂಗಿಗೆ ಅಂಟಿಸಿದರು. ಸಾಲುಸಾಲು ಫಿರಂಗಿಗಳಿಂದ ಒಂದೇ ಸಮನೆ ಗುಂಡು ಸುರಿಸಿ ಶತ್ರುವಿನ ಮುಂದೆ ಬೆಂಕಿಯ ಗೋಡೆ ಎಬ್ಬಿಸುವುದೇ ಬ್ಯಾರೇಜ್. ಒಬ್ಬೊಬ್ಬನಿಗೆ ಗುರಿಯಿಟ್ಟು ಹೊಡೆಯುವುದು ಅದರ ಉದ್ದೇಶವಲ್ಲ; ಎದುರಾಳಿ ಕಂದಕ ಬಿಟ್ಟು ತಲೆ ಎತ್ತದಂತೆ ಮಾಡುವುದು. ಯುದ್ಧ ಮುಗಿದರೂ ಪದ ಉಳಿಯಿತು, ಪ್ರಶ್ನೆಗಳಿಗೂ ಟೀಕೆಗಳಿಗೂ ಹಬ್ಬಿತು.

ಗುಂಡು ಹೆಚ್ಚಾದಷ್ಟೂ ಫಲ ಹೆಚ್ಚೆ? 1916ರಲ್ಲಿ ಫ್ರಾನ್ಸಿನ ಸೋಮ್ ಎಂಬಲ್ಲಿ ಬ್ರಿಟಿಷರು ಒಂದು ವಾರ ಕಾಲ ಸುಮಾರು 15 ಲಕ್ಷ ಗುಂಡು ಸುರಿಸಿದರು. ಜರ್ಮನರು ಆಳವಾದ ನೆಲಮಾಳಿಗೆಗಳಲ್ಲಿ ಅಡಗಿ ಕುಳಿತರು. ಜುಲೈ 1ರಂದು ಫಿರಂಗಿಗಳು ಮುಂದಿನ ಗುರಿಗಳತ್ತ ತಿರುಗಿದ ಕೂಡಲೇ ಮೆಷಿನ್ ಗನ್ನುಗಳೊಂದಿಗೆ ಮೇಲೆ ಬಂದರು. ಆ ಒಂದೇ ದಿನ ಸತ್ತ ಬ್ರಿಟಿಷ್ ಸೈನಿಕರು 19 ಸಾವಿರಕ್ಕೂ ಹೆಚ್ಚು.

"ಪರವಾಗಿಲ್ಲ ಅಪ್ಪ" ಎಂಬುದೂ ಅಂಥ ಒಂದು ನೆಲಮಾಳಿಗೆಯೇ. ಕೊನೆಯ ಲೆಕ್ಕ ತಪ್ಪಿದ ಸಂಗತಿ ಅದರೊಳಗೇ ಉಳಿಯುತ್ತದೆ. ಆ ಸಂಗತಿ ಗೊತ್ತಾಗದೆ ತಂದೆ ಸಹಾಯ ಮಾಡುವುದಾದರೂ ಹೇಗೆ?

ಕನ್ನಡ ಇಲ್ಲಿ ಗೋಡೆಯನ್ನಲ್ಲ, ಮಳೆಯನ್ನು ಕಂಡಿತು. ಗಮಕ ಕೇಳಿದವರಿಗೆ ಬಾಣಗಳ ಮಳೆ ಹೊಸತಲ್ಲ. ಬಾಣ ಹೋಗಿ ಗುಂಡು ಬಂದರೂ ಮಳೆ ನಿಲ್ಲಲಿಲ್ಲ. ಆದರೆ ಎಲ್ಲ ಮಳೆಯೂ ಒಂದೇ ಅಲ್ಲವೆಂದು ತುಮಕೂರು ಸೀಮೆಯಲ್ಲಿ ರಾಗಿ ಬೆಳೆಯುವ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿರುಮಳೆಯ ದಪ್ಪ ಹನಿಗಳು ಮಣ್ಣಿನ ಹೆಂಟೆ ಒಡೆದು, ನುಣ್ಣನೆಯ ಕಣಗಳಿಂದ ನೆಲದ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಇಂಗುವುದಿಲ್ಲ, ಮೇಲ್ಮಣ್ಣನ್ನೂ ಹೊತ್ತು ಹರಿದುಹೋಗುತ್ತದೆ. ಹದ ಮಳೆ ನಿಧಾನವಾಗಿ ಬಿದ್ದು ಬೇರಿಗೆ ಇಳಿಯುತ್ತದೆ.

ಪ್ರಶ್ನೆಗೂ ಇದೇ ನಿಯಮ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದೇ ಸೆಕೆಂಡು! ಮೂರು ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ'ಗಳು ಕಡಿಮೆಯಾದವು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿರುವ ಅಣೆಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ನಿಗದಿತ ಮಟ್ಟ ಮುಟ್ಟಿದರೆ ಸಾಕು, ಸೈಫನ್ ಒಳಗಿನ ಗಾಳಿ ಹೊರಬಿದ್ದು ನೀರು ತಾನಾಗಿಯೇ ಧುಮುಕುತ್ತದೆ. ಯಾರೂ ತಳ್ಳಬೇಕಿಲ್ಲ, ತುಂಬುವವರೆಗೆ ಕಾಯಬೇಕು, ಅಷ್ಟೆ.

ಮುಂದಿನ ಪರೀಕ್ಷೆಯ ದಿನ ಗೇಟಿನ ಬಳಿ ಒಂದೇ ಪ್ರಶ್ನೆ ಸಾಕು: "ಹಸಿವಾಯ್ತೇನಮ್ಮ?" ಉಳಿದದ್ದನ್ನು ಊಟದ ಹೊತ್ತಿಗೆ ಮಗಳೇ ಹೇಳಿಯಾಳು. ಹೇಳುವಾಗ ನಡುವೆ ಬಾಯಿ ಹಾಕದಿದ್ದರೆ ಕೊನೆಯ ಲೆಕ್ಕದ ವಿಷಯವೂ ಹೊರಬಂದೀತು.