ಕೋಡ್‌ಗೂ ಪಹಣಿ ಬೇಕು

ನಮ್ಮ ಕಡೆಯ ಎಮ್ಮಿಗನೂರಿನ ಹೊಲವೊಂದರ ಪಹಣಿ ತೆಗೆದು ನೋಡಿ. ಹಕ್ಕುದಾರರ ಹೆಸರಿನ ಪಕ್ಕದಲ್ಲೇ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಇರುತ್ತದೆ. ಖರೀದಿಯೋ, ಪೌತಿಯೋ, ವಿಭಾಗವೋ, ಹೊಲ ಹೇಗೆ ಕೈಗೆ ಬಂತೆಂದು ಅದನ್ನು ಹಿಡಿದು ಹಿಂದಕ್ಕೆ ಹೋಗಬಹುದು. 2000ದಲ್ಲಿ ಬಂದ ರಾಜ್ಯದ ಭೂದಾಖಲೆ ಯೋಜನೆ ‘ಭೂಮಿ’ ಈ ಪದ್ಧತಿಯನ್ನು ಕಂಪ್ಯೂಟರಿಗೆ ಏರಿಸಿತು. ತಿದ್ದುವ ಸಿಬ್ಬಂದಿಯ ಬೆರಳಚ್ಚನ್ನೂ ಕೇಳಿತು. ನಾವು ದಿನಾ ಬರೆಯುವ ಕೋಡ್‌ಗೆ ಎಂ.ಆರ್. ಎಲ್ಲಿದೆ?

ಕಂಪ್ಲಿ, ಹೊಸಪೇಟೆ, ಸಂಡೂರು ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ಕೆಲಸ ಮಾಡುವ ನಾವು ಕಟ್ಟುವುದು ಬಿಡಿ ತಂತ್ರಾಂಶವನ್ನಲ್ಲ, ತಂತ್ರಾಂಶಗಳ ಕುಟುಂಬವನ್ನು. ಗಣಕ ವಿಜ್ಞಾನಿ ಡೇವಿಡ್ ಪಾರ್ನಾಸ್ 1976ರಲ್ಲೇ ವಿವರಿಸಿದ ದಾರಿಯಿದು: ಎಲ್ಲಕ್ಕೂ ಸಮಾನವಾದ ತಿರುಳು ಮೊದಲು, ವ್ಯತ್ಯಾಸ ಆಮೇಲೆ. ಬ್ಯಾಂಕಿಗೊಂದು ರೂಪ, ಸಹಕಾರ ಸಂಘಕ್ಕೊಂದು ರೂಪ. ಖರ್ಚು ಉಳಿಯುತ್ತದೆ, ನಿಜ. ಆದರೆ ತಿರುಳಿನ ಒಂದು ಸಾಲು ಯಾರ ಬೇಡಿಕೆಗೆ ಬಂತೆಂಬುದು ಮರೆತುಹೋದರೆ ಅದನ್ನು ಅಳಿಸಲು ಎಲ್ಲರಿಗೂ ಹೆದರಿಕೆ.

1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಸಿಡಿದದ್ದು ಹೀಗೇ. ಏರಿಯಾನ್ 4ರಿಂದ ಎತ್ತಿಕೊಂಡ ಒಂದು ಲೆಕ್ಕ, ಹಾರಿದ ಮೇಲೆ ಹೊಸ ರಾಕೆಟ್ಟಿಗೆ ಬೇಕೇ ಇರಲಿಲ್ಲ, ಆದರೂ ಓಡುತ್ತಿತ್ತು. 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ನಲ್ಲಿ ತುರುಕಲು ಹೋಗಿ ಕೆಟ್ಟಿತು. ಸುಮಾರು 40 ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಕೋಡ್ ಬಂದಿತ್ತು, ಅದು ಯಾವ ರಾಕೆಟ್ಟಿನ ವೇಗವನ್ನು ನಂಬಿ ಬರೆದದ್ದೆಂಬ ಮಾತು ಜೊತೆಗೆ ಬಂದಿರಲಿಲ್ಲ.

ನಮಗೆ ರಾಕೆಟ್ ಬೇಡ, ತಾಲೂಕು ಸಾಕು. ಕಂಪ್ಲಿ ಹೊಸ ತಾಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಅತ್ತ ಹೋಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಇಂಥ ಒಂದು ಅಧಿಸೂಚನೆ ಹೊರಬಿದ್ದರೆ ಪಹಣಿ, ನೋಂದಣಿ, ಬೆಳೆ ಸಮೀಕ್ಷೆ, ಪಡಿತರ, ಎಲ್ಲೆಲ್ಲಿ ಏನೇನು ತಿದ್ದಬೇಕು? ಯಾವ ಸಾಲು ಯಾವ ಆದೇಶದಿಂದ ಬಂತೆಂಬ ಜಾಡು ಇದ್ದರೆ ಪಟ್ಟಿ ತಾನೇ ಸಿಗುತ್ತದೆ. ಇಲ್ಲದಿದ್ದರೆ ಕೆಲಸ ಬಿಟ್ಟು ಕೌಂಟರಿನಿಂದ ಕೌಂಟರಿಗೆ ಅಲೆಯುವ ರೈತನೇ ನಮ್ಮ ತಪ್ಪು ಹುಡುಕಿಕೊಡಬೇಕು, ಸಂಬಳವಿಲ್ಲದೆ.

ಆದ್ದರಿಂದ, ಯಾವ ಆದೇಶಕ್ಕೆ, ಯಾರ ಬೇಡಿಕೆಗೆ ಎಂದು ಹೇಳದ ಕೋಡನ್ನು ನಾವು ತಿರುಳಿಗೆ ಸೇರಿಸುವುದಿಲ್ಲ. ಅದು ಯಾವ ರೂಪಗಳಿಗೆ ಹೋಯಿತು, ಯಾವ ಪರೀಕ್ಷೆ ಅದನ್ನು ಕಾಯುತ್ತದೆ ಎಂಬುದೂ ದಾಖಲಾಗಬೇಕು. ಬೇಡಿಕೆ ಸತ್ತರೆ ಕೋಡೂ ಹೋಗಬೇಕು. ಆಡಿಟ್ ಬಂದಾಗ ರಾತ್ರೋರಾತ್ರಿ ತುಂಬುವ ಎಕ್ಸೆಲ್ ಹಾಳೆಯನ್ನು ಜಾಡೆಂದು ಒಪ್ಪುವುದಿಲ್ಲ. ಸರ್ಕಾರಿ ಟೆಂಡರುಗಳಲ್ಲಿ ಕೋಡಿನ ಜೊತೆಗೇ ಅದರ ಜಾಡನ್ನೂ ಒಪ್ಪಿಸುವ ಷರತ್ತು ಇರಲೇಬೇಕು.

ಕೋಡ್ ಬರೆಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹಳೆಯದನ್ನೆಲ್ಲ ಕೆದಕುತ್ತ ಕೂರಬೇಡಿ. ನಾಳೆ ಮಾಡುವ ಮೊದಲ ತಿದ್ದುಪಡಿಯಿಂದಲೇ ಶುರುಮಾಡಿ.