ಸರ್ವರ್ ಚಾಲೂ ಮಾಡುವ ಮೊದಲು ಕನ್ನಡದ ಸಾಲು ಬರೆಸಿರಿ



ಈ ಸಲ ಕಂಪ್ಯೂಟರಿನ ಮಾತು. ನಮಗೇಕೆ ಎಂದು ಎದ್ದು ಹೋಗಬೇಡಿ. ನಾವೂ ಟಿ.ಸಿ.ಎಚ್. ಮಾಡಿ ಮುಂದೆ ಬಿ.ಎ. ಕಟ್ಟಿದವರು, ಇಂಜಿನಿಯರ್ ಅಲ್ಲ. ಆದರೆ ಇದು ನಮ್ಮ ಮಕ್ಕಳ ಹೆಸರಿನ ಪ್ರಶ್ನೆ. ಹಾಗಾಗಿ ಬರೆಯಲೇಬೇಕಾಯಿತು.

ನಮ್ಮ ಸಾಂಗಲಿ ಜಿಲ್ಲೆಯಲ್ಲಿ, ಅದರಲ್ಲೂ ಜತ್ತ ತಾಲೂಕಿನಲ್ಲಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಬಹಳ ಇವೆ. ಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ. ಪಾಠ ಕನ್ನಡ, ಆಟ ಕನ್ನಡ. ಮಗುವಿನ ಆಧಾರ್ ಕಾರ್ಡಿನಲ್ಲಿ ಮಾತ್ರ ಹೆಸರು ಮರಾಠಿ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ. 2015ರಲ್ಲಿ ರಾಜ್ಯದಲ್ಲಿ ‘ಸರಲ್’ ವ್ಯವಸ್ಥೆ ಬಂದ ಮೇಲೆ ಕಂಪ್ಯೂಟರಿಗೆ ಮಾಹಿತಿ ತುಂಬುವುದು ನಮ್ಮ ನಿತ್ಯದ ಕೆಲಸವೇ ಆಗಿದೆ. ಅದರ ಜೊತೆಗೆ ಶಾಲೆಯ ಸ್ವಂತ ಪಟ್ಟಿಯೊಂದು ಕನ್ನಡದಲ್ಲಿ ಇರಲಿ ಎಂಬ ಆಸೆ ನಮಗೆ ಮೊದಲಿನಿಂದಲೂ ಇತ್ತು.

ಕೆಲವು ವರ್ಷಗಳ ಹಿಂದೆ ಒಬ್ಬರು ಅಂಥ ಪ್ರೋಗ್ರಾಮ್ ಹಾಕಿಕೊಟ್ಟರು. ಎರಡು ದಿನ ಕುಳಿತು ಹೆಸರು ತುಂಬಿದೆವು. ಮೂರನೆಯ ದಿನ ತೆಗೆದು ನೋಡಿದರೆ ಪುಟದ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ! ಕಾಳಪ್ಪನಿಗೆ ಆರು, ಕಾಶಿಬಾಯಿಗೆ ಎಂಟು. ಕಾರಣ ಆಮೇಲೆ ತಿಳಿಯಿತು. ಅದು ಹಳೆಯ ಮೈಎಸ್‌ಕ್ಯೂಎಲ್. 2018ರಲ್ಲಿ 8.0 ಆವೃತ್ತಿ ಬರುವ ತನಕ ಆ ಸರ್ವರ್, ನೀವು ಬೇರೆ ಹೇಳದಿದ್ದರೆ, ಲ್ಯಾಟಿನ್-1 ಎಂಬ ಯುರೋಪಿನ ಅಕ್ಷರಕೋಶವನ್ನೇ ಹಿಡಿಯುತ್ತಿತ್ತು. ಅದರಲ್ಲಿ ಇರುವುದು 256 ಮನೆ. ಕನ್ನಡಕ್ಕೆ ಒಂದೂ ಇಲ್ಲ. ಮನೆ ಸಿಗದ ಪ್ರತಿ ಅಕ್ಷರದ ಜಾಗದಲ್ಲಿ ಅದು ಒಂದು ಪ್ರಶ್ನಾರ್ಥಕ ಇಡುತ್ತದೆ. ಹೀಗೆ ಒಮ್ಮೆ ಹೋದ ಹೆಸರು ಅಲ್ಲಿಂದ ತಿರುಗಿ ಬರುವುದಿಲ್ಲ. ಸೆಟ್ಟಿಂಗ್ ಕಡತದಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಿರಲಿಲ್ಲ ಅಷ್ಟೇ.

ಆಗ ಪರಿಚಿತರೊಬ್ಬರು, “ಮಾಸ್ತರ, ಇಂಗ್ಲಿಷಿನಾಗ ಬರದ್ರ ತಂಟೇನ ಇಲ್ಲಲ್ರಿ” ಎಂದರು. ತಂಟೆ ಇಲ್ಲ, ನಿಜ. ಆದರೆ ಇಂಗ್ಲಿಷಿನಲ್ಲಿ ಕೆ ಎ ಎಲ್ ಎ ಪಿ ಪಿ ಎ ಎಂದು ಬರೆದರೆ ಅವನು ಕಾಳಪ್ಪನೋ ಕಲ್ಲಪ್ಪನೋ? ಒಂದೇ ವರ್ಗದಲ್ಲಿ ಇಬ್ಬರೂ ಇದ್ದರೆ? ನಾಳೆ ಎಲ್.ಸಿ. ಕೊಡುವಾಗ, ಊರಿಗೆ ಹೊಸದಾಗಿ ಬಂದ ಮಾಸ್ತರರು ಯಾರ ಬಾಯಿಂದ ಕೇಳಿ ಕನ್ನಡದಲ್ಲಿ ಬರೆಯಬೇಕು? ಕನ್ನಡ ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು ಅದರ ತಾಯಿ ಕರೆಯುವ ಹಾಗೆ ಇರಬೇಕು ಎಂಬುದು ನಮ್ಮ ಹಟ. ಅದನ್ನು ಇಂದಿಗೂ ಬಿಟ್ಟಿಲ್ಲ.

ಇತ್ತೀಚೆಗೆ ನಮ್ಮದೇ ಹಳೆಯ ವಿದ್ಯಾರ್ಥಿಯೊಬ್ಬ, ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದಿದವನು, ಹೊಸದೊಂದು ಪಟ್ಟಿ ಕಟ್ಟಿಕೊಟ್ಟ. ಸರ್ವರ್ ಪೋಸ್ಟ್‌ಗ್ರೆಸ್, ಪುಕ್ಕಟೆ ಸಿಗುವಂಥದ್ದು. ಡಾಕರ್ ಎಂಬ ಡಬ್ಬಿಯಲ್ಲಿ ಅದನ್ನು ಕೂರಿಸಿದ. ಪ್ರೋಗ್ರಾಮಿಗೆ ಕೈ ಹಚ್ಚದೆ, ಪಕ್ಕದ ಸಣ್ಣ ಕಡತವೊಂದರಲ್ಲಿ ಆರೇಳು ಸಾಲು ಬರೆದ. ಎಡಕ್ಕೆ ಒಂದು ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಒಂದು ಬೆಲೆ. ಬಳಕೆದಾರನ ಹೆಸರು, ಗುಪ್ತಪದ, ಡೇಟಾಬೇಸಿನ ಹೆಸರು, ಭಾಷೆ... “ಇದೇನಪಾ?” ಎಂದರೆ “ಎನ್ವಿರಾನ್‌ಮೆಂಟ್ ವೇರಿಯಬಲ್ ರಿ ಸರ್” ಎಂದ. ಕಡು ಹೊಸದೇನೂ ಅಲ್ಲವಂತೆ, ಯುನಿಕ್ಸ್‌ನ 1979ರ ಏಳನೆಯ ಆವೃತ್ತಿಯಿಂದಲೇ ಇದೆಯಂತೆ.

ನಮಗೆ ಅದು ತಿಳಿದದ್ದು ಮಿರಜದ ತಂಬೂರಿಯಿಂದ. ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಮಿರಜದ ಕುಶಲಕರ್ಮಿ ತಂಬೂರಿ ಮಾಡುತ್ತಾನೆ, ಶ್ರುತಿಯನ್ನು ಕಟ್ಟಿಗೆಯಲ್ಲಿ ಕೊರೆದು ಕೊಡುವುದಿಲ್ಲ. ಧಾರವಾಡಕ್ಕೆ ಹೋದ ಮೇಲೆ ಹಾಡುವವರು ಬಿರಡೆ ತಿರುವಿ ತಮ್ಮ ಧ್ವನಿಗೆ ಹೊಂದಿಸಿಕೊಳ್ಳುತ್ತಾರೆ. ಸರ್ವರ್ ಎಲ್ಲಿದೆ, ಯಾವ ಪೋರ್ಟು (ಪೋಸ್ಟ್‌ಗ್ರೆಸ್ಸಿಗೆ ರೂಢಿಯಲ್ಲಿ 5432), ಯಾವ ಹೆಸರಿನಿಂದ ಒಳಗೆ ಬರಬೇಕು ಎಂಬುದನ್ನು ಪಿಜಿಹೋಸ್ಟ್, ಪಿಜಿಪೋರ್ಟ್, ಪಿಜಿಯೂಸರ್ ಎಂಬ ಹೆಸರುಗಳಿಂದ ಹೊರಗಿನಿಂದಲೇ ಹೇಳಬಹುದು. ಪ್ರೋಗ್ರಾಮ್ ಪ್ರತಿ ಸಲ ಏಳುವಾಗ ಅವನ್ನು ಓದಿಕೊಳ್ಳುತ್ತದೆ. ಶಾಲೆ ಬದಲಾದರೆ ಆ ಸಾಲು ಬದಲಿಸಿದರಾಯಿತು.

ಆದರೆ ತಂಬೂರಿಯಲ್ಲಿ ಇನ್ನೊಂದು ಮಾತಿದೆ. ಗಂಡಸರ ತಂಬೂರಿ ದೊಡ್ಡದು, ಹೆಂಗಸರದು ಚಿಕ್ಕದು. ಎಷ್ಟು ದೊಡ್ಡ ಕುಂಬಳದ ಬುರುಡೆ ಎಂಬುದನ್ನು ಮಾಡುವ ದಿನವೇ ಹೇಳಬೇಕು. ಆಮೇಲೆ ಬಿರಡೆ ಎಷ್ಟು ತಿರುವಿದರೂ ಬುರುಡೆ ಬೆಳೆಯುವುದಿಲ್ಲ. ಆ ಕಡತದಲ್ಲಿಯೂ ಬಿರಡೆಯಂಥ ಸಾಲು ಕೆಲವು, ಬುರುಡೆಯಂಥವು ಕೆಲವು. ಎಲ್ಲ ಸಾಲೂ ನೋಡಲು ಒಂದೇ ತೆರ! ನಾವು ಮೋಸ ಹೋದದ್ದು ಇಲ್ಲಿಯೇ.

ಮೊದಲು ಗುಪ್ತಪದ. ಹುಡುಗ ಇಟ್ಟದ್ದು ಬಹಳ ಸರಳವಾಗಿತ್ತು. ಒಂದು ರವಿವಾರ ನಾವೇ ಕಡತ ತೆಗೆದು ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಎಂಬ ಸಾಲಿನಲ್ಲಿ ಹೊಸದನ್ನು ಬರೆದು ಸರ್ವರ್ ತಿರುಗಿ ಚಾಲೂ ಮಾಡಿದೆವು. ಹೊಸದು ಒಳಗೆ ಬಿಡಲಿಲ್ಲ, ಹಳೆಯದೇ ನಡೆಯಿತು. ಮಧ್ಯಾಹ್ನದ ತನಕ ಗುದ್ದಾಡಿ ಹುಡುಗನಿಗೆ ಫೋನ್ ಮಾಡಿದರೆ ನಕ್ಕ. ಡಾಕರಿನ ಆ ಪೋಸ್ಟ್‌ಗ್ರೆಸ್, ಮಾಹಿತಿಯ ಜಾಗ ಖಾಲಿ ಇದ್ದಾಗ ಮಾತ್ರ, ಎಂದರೆ ಮೊಟ್ಟಮೊದಲ ದಿನ ಮಾತ್ರ, ಆ ಸಾಲನ್ನು ನೋಡುತ್ತದೆ. ಆಮೇಲೆ ನೀವು ಏನು ಬರೆದರೂ ಅದರ ಕಡೆ ಕಣ್ಣೂ ಹಾಯಿಸುವುದಿಲ್ಲ, ತಪ್ಪು ಎಂದು ಹೇಳುವುದೂ ಇಲ್ಲ. ಗುಪ್ತಪದವನ್ನು ಸರ್ವರಿನ ಒಳಗೆ ಹೋಗಿ ಆಜ್ಞೆ ಕೊಟ್ಟೇ ಬದಲಿಸಬೇಕು. ಬದಲಿಸಿದೆವು, ಮುಗಿಯಿತು.

ಭಾಷೆಯ ಸಾಲು ಅಷ್ಟು ಸುಲಭವಾಗಿ ಬಿಡಲಿಲ್ಲ. ಅದರ ಹೆಸರು ಲ್ಯಾಂಗ್. ಅದರ ಮೇಲೊಬ್ಬ ಸಾಹೇಬ ಇದ್ದಾನೆ, ಹೆಸರು ಎಲ್‌ಸಿ ಆಲ್. ಅವನ ಮಾತು ಇದ್ದರೆ ಲ್ಯಾಂಗಿನ ಮಾತು ನಡೆಯುವುದಿಲ್ಲ. (ನಾವು ಮೊದಲು ಎಲ್ಲರ ಎಲ್.ಸಿ. ಒಟ್ಟಿಗೆ ಮುದ್ರಿಸುವ ಗುಂಡಿ ಎಂದುಕೊಂಡಿದ್ದೆವು!) ಹುಡುಗ ಅಲ್ಲಿ ‘ಸಿ ಡಾಟ್ ಯುಟಿಎಫ್-8’ ಎಂದು ಬರೆದಿದ್ದ. ಯುಟಿಎಫ್-8 ಇದ್ದುದರಿಂದ ಕನ್ನಡ ಅಕ್ಷರ ಒಂದೂ ಕೆಡಲಿಲ್ಲ. ಆದರೆ ‘ಸಿ’ ಎಂದರೆ ಯಾವ ಭಾಷೆಯೂ ಅಲ್ಲ, ಬರೀ ಅಕ್ಷರದ ಸಂಖ್ಯೆ ನೋಡಿ ಪಟ್ಟಿ ಜೋಡಿಸು ಎಂದು ಅರ್ಥ.

ಹಾಜರಿ ಪಟ್ಟಿ ಮುದ್ರಿಸಿದರೆ ಕಾಳಪ್ಪ ಮುಂದೆ, ಕಾಶಿಬಾಯಿ ಹಿಂದೆ. ಒಂದನೆಯ ವರ್ಗದ ಮಗುವೂ ಹೇಳುತ್ತದೆ, ಯ ರ ಲ ವ ಶ ಷ ಸ ಹ ಳ... ‘ಳ’ ಕೊನೆಗೆ. ಯುನಿಕೋಡ್ ಸಂಖ್ಯೆಯಲ್ಲಿ ಮಾತ್ರ ‘ಳ’ವನ್ನು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲೇ ಕೂರಿಸಿದ್ದಾರೆ. ಮರಾಠಿಯ ‘ಳ’ಕ್ಕೂ ಇದೇ ಗತಿ, ಅವರ ವರ್ಣಮಾಲೆಯಲ್ಲೂ ಅದು ‘ಹ’ದ ನಂತರವೇ. ಈ ಒಂದು ದೂರಿನಲ್ಲಿ ಗಡಿಯ ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂರಬಹುದು! ಪಟ್ಟಿಯಲ್ಲಿ ದೇವನಾಗರಿಯ ಹೆಸರು ಬೆರೆತರೆ ಅವೆಲ್ಲ ಮೊದಲು, ಕನ್ನಡ ನಂತರ. ಇದನ್ನು ಕಂಡು ನಮ್ಮ ಸಹೋದ್ಯೋಗಿಯೊಬ್ಬರಿಗೆ ಸಿಟ್ಟೇ ಬಂದಿತ್ತು. ಅದರಲ್ಲಿ ರಾಜಕಾರಣ ಇಲ್ಲ, ದೇವನಾಗರಿಯ ಸಂಖ್ಯೆಗಳು ಕನ್ನಡದ ಸಂಖ್ಯೆಗಳಿಗಿಂತ ಚಿಕ್ಕವು, ಅಷ್ಟೇ.

ಕಡತದಲ್ಲಿ ಸಾಲು ತಿದ್ದಿದರೆ ಸರಿಹೋಗಲಿಲ್ಲ, ಅದು ಬುರುಡೆಯ ಸಾಲು. ಪಟ್ಟಿ ಕೇಳುವಾಗ ‘ಕನ್ನಡದ ಕ್ರಮದಲ್ಲಿ ಕೊಡು’ ಎಂದು ಬೇರೆಯಾಗಿ ಕೇಳಲು ಬರುತ್ತದೆ, ಆದರೆ ಪ್ರತಿ ಸಲ ಕೇಳಬೇಕು. ಗಡಿಯಾಚೆ ಇರುವ ನಮಗೆ ಪ್ರತಿಯೊಂದನ್ನೂ ಪ್ರತಿ ಸಲ ಕೇಳಿ ಕೇಳಿ ಸಾಕಾಗಿದೆ. ಅದಕ್ಕೆ ಹುಡುಗನಿಗೆ ಹೇಳಿ ಮಾಹಿತಿಯನ್ನು ಹೊರಗೆ ತೆಗೆಸಿ, ಜಾಗ ಖಾಲಿ ಮಾಡಿಸಿ, ಸರ್ವರನ್ನು ಮೊದಲಿನಿಂದ ಕಟ್ಟಿಸಿದೆವು. 2022ರಲ್ಲಿ ಬಂದ 15ನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸಿನಲ್ಲಿ ಐಸಿಯು ಎಂಬ ಭಾಷಾಕೋಶವನ್ನೇ ಮೂಲವಾಗಿ ಇಡಲು ಬರುತ್ತದೆ. ಪೋಸ್ಟ್‌ಗ್ರೆಸ್ ಇನಿಟ್‌ಡಿಬಿ ಆರ್ಗ್ಸ್ ಎಂಬ ಸಾಲಿನಲ್ಲಿ ಆ ಐಸಿಯುವನ್ನೂ, ಅದರ ಭಾಷೆ ‘ಕೆಎನ್-ಐಎನ್’ ಎಂದೂ, ಅಂದರೆ ಭಾರತದ ಕನ್ನಡ ಎಂದು, ಬರೆದ. ಕಾಶಿಬಾಯಿ ಮುಂದೆ ಬಂದಳು.

ಇನ್ನು ನಮ್ಮ ಅಭಿಪ್ರಾಯ. ಶಾಲೆಗೆ ಯಾರೇ ಪ್ರೋಗ್ರಾಮ್ ತಂದು ಹಾಕಲಿ, ಪುಕ್ಕಟೆಯಾಗಿಯೇ ಹಾಕಲಿ, ಚಾಲೂ ಮಾಡುವ ಮೊದಲು ಆ ಕಡತ ತೋರಿಸಿರಿ ಎಂದು ಮುಖ್ಯಾಧ್ಯಾಪಕರು ಕೇಳಬೇಕು. ಸಂಕೋಚ ಬೇಡ. ಭಾಷೆಯ ಸಾಲಿನಲ್ಲಿ ಏನಿದೆ, ಯಾವ ಸಾಲು ಮೊದಲ ದಿನಕ್ಕೆ ಮಾತ್ರ, ಈ ಎರಡು ಮಾತು ಕೇಳಿದರೂ ಅರ್ಧ ಕೆಲಸ ಆದಂತೆ. ಐದು ಹೆಸರು ತುಂಬಿಸಿ ಮುದ್ರಿಸಿ ನೋಡಿರಿ, ಒಂದರಲ್ಲಿ ‘ಳ’ ಇರಲಿ. ಗುಪ್ತಪದ ಮಾತ್ರ ಪ್ರೋಗ್ರಾಮಿನ ಒಳಗೆ ಬರೆಯಲು ಬಿಡಬೇಡಿ. ಪ್ರೋಗ್ರಾಮ್ ಪೆನ್ ಡ್ರೈವಿನಲ್ಲಿ ಶಾಲೆಯಿಂದ ಶಾಲೆಗೆ ಹೋಗುತ್ತದೆ, ಜೊತೆಗೆ ನಮ್ಮ ಕೀಲಿಯೂ ಹೋಗುತ್ತದೆ.

ಕೆಲವರು ಇದೆಲ್ಲ ಅತಿಯಾಯಿತು, ಪಟ್ಟಿಯ ಕ್ರಮ ಹಿಂದುಮುಂದಾದರೆ ಏನು ಮುಳುಗಿತು ಎನ್ನುತ್ತಾರೆ. ಒಂದು ವರ್ಗಕ್ಕೆ ಏನೂ ಇಲ್ಲ, ಒಪ್ಪುತ್ತೇವೆ. ಆದರೆ ವರ್ಣಮಾಲೆ ಕಲಿಸುವವರೇ ನಾವು. ಗೋಡೆಯ ಮೇಲೆ ಒಂದು ಕ್ರಮ, ಹಾಜರಿಯಲ್ಲಿ ಇನ್ನೊಂದು ಕ್ರಮ ಇಟ್ಟುಕೊಂಡು ಮಕ್ಕಳ ಎದುರು ಹೇಗೆ ನಿಲ್ಲುವುದು?

ಗುಪ್ತಪದ ಬಿಟ್ಟು ಉಳಿದ ಸಾಲುಗಳನ್ನು ನಾವು ಕಾಗದದ ಮೇಲೆ ಕನ್ನಡದಲ್ಲಿ ಬರೆದು, ಯಾವುದು ಬಿರಡೆ ಯಾವುದು ಬುರುಡೆ ಎಂದು ಗುರುತು ಹಾಕಿ, ಚಾರ್ಜ್ ಫೈಲಿನಲ್ಲಿ ಜನರಲ್ ರಜಿಸ್ಟರಿನ ಪಕ್ಕಕ್ಕೆ ಸೇರಿಸಿದ್ದೇವೆ. ನಮ್ಮ ಬದಲಿಯಾದರೆ ಮುಂದಿನವರಿಗೆ ಇರಲಿ ಎಂದು. ಜತ್ತ ಕಡೆಯ ಒಂದು ಶಾಲೆಯವರು ಇದೇ ಪ್ರೋಗ್ರಾಮ್ ಬೇಕೆಂದು ಕೇಳಿದ್ದಾರೆ. ಹುಡುಗ ಬರುವ ಶನಿವಾರ ಹೋಗುತ್ತಾನೆ, ಕಾಗದದ ಒಂದು ಪ್ರತಿಯನ್ನು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇವೆ.